ಕಳವಾರದ ದಾರಿಯಲ್ಲಿ ಒಂದು ದನಿ

ನಮ್ಮ ತಂದೆಯವರು ತೀರಿಕೊಂಡು ನಾಲ್ಕು ವರ್ಷಗಳಾದವು. ಅವರು ಬಿಟ್ಟುಹೋದ ಸ್ಥಿರ ಚರ ಸ್ವತ್ತುಗಳಲ್ಲಿ ಸ್ಥಿರವೆನ್ನುವಂಥದು ಏನೂ ಇರಲಿಲ್ಲ. ಚರವೆನ್ನಬಹುದಾದುದು ಒಂದು ಯೆಜ್ಡಿ ಮೋಟಾರು ಸೈಕಲ್ಲು. ಅದೂ ನಮ್ಮ ಬೆಂಗಳೂರಿನ ಮನೆಯ ಹಿತ್ತಿಲಲ್ಲಿ, ನುಗ್ಗೆಮರದ ಕೆಳಗೆ, ಸ್ಥಿರವಾಗಿಯೇ ನಿಂತುಬಿಟ್ಟಿದ್ದಿತು.

ತಂದೆಯವರು ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ಉಪಾಧ್ಯಾಯರಾಗಿದ್ದಾಗ ಕೊಂಡ ಗಾಡಿ ಅದು. ಬೀದಿಯ ತಿರುವಿನಲ್ಲಿ ಅದರ ಸದ್ದು ಕೇಳಿಸಿದೊಡನೆ ನಮ್ಮ ತಾಯಿ ಕಾಫಿಗೆ ನೀರಿಡುತ್ತಿದ್ದರು. ತಂದೆಯವರು ಗಾಡಿ ನಿಲ್ಲಿಸಿ, ಕೈಕಾಲು ತೊಳೆದು ಬರುವ ಹೊತ್ತಿಗೆ ಲೋಟ ಸಿದ್ಧ. ಗಡಿಯಾರಕ್ಕಿಂತಲೂ ನಮ್ಮ ಮನೆ ಆ ದನಿಯನ್ನೇ ಹೆಚ್ಚು ನಂಬಿತ್ತು. ಭಾನುವಾರ ಮುಂಜಾನೆ ನನ್ನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಅವರು ಕಳವಾರಕ್ಕೆ ಹೋಗುತ್ತಿದ್ದರು. ಊರು ಹತ್ತಿರವಾದೊಡನೆ ಥ್ರಾಟಲನ್ನು ಇಳಿಸಿ, “ಊರಿನೊಳಗೆ ಮೆಲ್ಲಗೆ ಹೋಗಬೇಕು ಮರಿ” ಎನ್ನುತ್ತಿದ್ದರು. ಏಕೆಂದು ನಾನು ಕೇಳಲಿಲ್ಲ; ಅವರೂ ಹೇಳಲಿಲ್ಲ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಕಳೆದ ವರ್ಷ ಈ ಗಾಡಿಗೆ ಪುನರ್ಜನ್ಮ ಕೊಡಲು ಹೊರಟನು. ಮೂಲರೂಪವನ್ನೇ ಉಳಿಸುವುದು ಅವನ ಉದ್ದೇಶವಾಗಿರಲಿಲ್ಲ. ಹಿಂದಿನ ಮಡ್‌ಗಾರ್ಡು ಮೋಟಾಯಿತು, ಹ್ಯಾಂಡಲು ತಗ್ಗಿತು, ಸೀಟು ತೆಳುವಾಯಿತು. ಪುಣ್ಯಕ್ಕೆ ಚಾಸಿಗೆ ಮಾತ್ರ ಅವನು ಗರಗಸ ತಾಗಿಸಲಿಲ್ಲ. ಎರಡೂ ಸೈಲೆನ್ಸರುಗಳು ತುಕ್ಕು ಹಿಡಿದು ಜರಡಿಯಾಗಿದ್ದವು. ಅವುಗಳ ಬದಲಿಗೆ ಶಿವಾಜಿನಗರದ ಗುಜರಿಯಿಂದ ಹಳೆಯ ಬುಲೆಟ್ಟಿನ ಸೈಲೆನ್ಸರೊಂದನ್ನು ಹೊತ್ತು ತಂದನು. ಅದರ ಒಳಗಿನ ಜಾಲರಿಯ ಕೊಳವೆಯನ್ನು ಯಾರೋ ಹಿಂದೆಯೇ ಕಿತ್ತುಹಾಕಿದ್ದರು.

“ಅಣ್ಣ, ಇದರ ದನಿ ಕೇಳು. ಸಿಂಹ!” ಎಂದನು ತಮ್ಮ.

ಯೆಜ್ಡಿಯ ಎಂಜಿನ್ನಿಗೆ ಸಿಲಿಂಡರು ಒಂದೇ. ಆದರೆ ಹೊಗೆಯ ಬಾಯಿ ಎರಡು, ಕೊಳವೆಗಳೂ ಎರಡು. ಅವೆರಡನ್ನೂ ಕವಣೆಯ ಕವಲಿನಂತೆ ಒಂದುಗೂಡಿಸಿ, ವೆಲ್ಡಿಂಗ್ ಮಾಡಿಸಿ, ಆ ಒಂಟಿ ಸೈಲೆನ್ಸರಿಗೆ ಸೇರಿಸಿದ್ದಾಯಿತು. ಕಿಕ್ಕರನ್ನು ಒದೆದೊಡನೆ ಹಿತ್ತಿಲಿನ ಕಾಗೆಗಳೆಲ್ಲ ಹಾರಿಹೋದವು. ನೆರೆಮನೆಯವರು ಕಿಟಕಿ ಮುಚ್ಚಿಕೊಂಡರು. ನಮ್ಮ ತಾಯಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. “ಅಮ್ಮ, ಅಪ್ಪನ ಗಾಡಿ!” ಎಂದು ತಮ್ಮ ಕೂಗಿದಾಗ, “ಹೌದೇನೋ? ಯಾರೋ ಕೊರಿಯರ್‌ನವರು ಅಂದುಕೊಂಡೆ” ಎಂದರು. ತಮ್ಮನ ಮುಖ ಸಪ್ಪಗಾದುದನ್ನು ನಾನು ಕಂಡೆ.

ಮರುದಿನ ಭಾನುವಾರ. ಹೊಸ ರೂಪದ ಗಾಡಿಯನ್ನು ಹಳೆಯ ದಾರಿಯಲ್ಲೇ ಪರೀಕ್ಷಿಸೋಣವೆಂದು ಅಣ್ಣತಮ್ಮಂದಿರಿಬ್ಬರೂ ಇನ್ನೂ ಕತ್ತಲೆ ಇರುವಾಗಲೇ ಹೊರಟೆವು. ಹೆಬ್ಬಾಳ, ಯಲಹಂಕ ಕಳೆದು ದೇವನಹಳ್ಳಿಯನ್ನು ದಾಟುವವರೆಗೂ ಇಂದಿನ ಹೆದ್ದಾರಿಯಲ್ಲಿ ಪ್ರಯಾಣಿಕನಿಗೆ ಊರೆಂಬುದೇ ಕಾಣುವುದಿಲ್ಲ. ಮೇಲ್ಸೇತುವೆಗಳೂ, 2008ರಲ್ಲಿ ತೆರೆದ ವಿಮಾನ ನಿಲ್ದಾಣದ ದೀಪಗಳೂ ಮಾತ್ರ ಕಾಣುತ್ತವೆ. ಅಲ್ಲಿಂದಾಚೆಗೆ ನೆಲ ತನ್ನ ನಿಜರೂಪವನ್ನು ತೋರುತ್ತದೆ. ಕೆಂಪು ಮಣ್ಣು, ದ್ರಾಕ್ಷಿಯ ಚಪ್ಪರಗಳು, ಹೂವಿನ ತೋಟಗಳು, ಹಿಪ್ಪುನೇರಳೆಯ ಸಾಲುಗಳು. ‘ಬೆಂಗಳೂರು ಬ್ಲೂ’ ಎಂದು ಹೆಸರಾದ ಕಪ್ಪು ದ್ರಾಕ್ಷಿಯ ನಾಡು ಇದು.

ಆಮೇಲೆ ಬೆಟ್ಟಗಳು. ಎಡಗಡೆಗೆ ನಂದಿ, ಸಮುದ್ರಮಟ್ಟದಿಂದ 1478 ಮೀಟರು. ಅದರ ನೆರೆಯಲ್ಲಿ ಬ್ರಹ್ಮಗಿರಿ, ಚನ್ನಗಿರಿ, ಸ್ಕಂದಗಿರಿ. ಪಾಲಾರ್, ಅರ್ಕಾವತಿಗಳಂಥ ನದಿಗಳಿಗೆ ತವರು ಈ ಸೀಮೆ. ಸ್ಕಂದಗಿರಿಗೆ ಇಲ್ಲಿಯ ಜನ ಇಂದಿಗೂ ಹೇಳುವ ಹೆಸರು ಕಳವಾರ ಬೆಟ್ಟ. ನೆತ್ತಿಯ ಮೇಲೆ ಪಾಳುಬಿದ್ದ ಕೋಟೆಯೊಂದಿರುವುದರಿಂದ ಕಳವಾರ ದುರ್ಗವೆಂದೂ ಕರೆಯುವುದುಂಟು. ಚಿಕ್ಕಬಳ್ಳಾಪುರದಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ಈ ಬೆಟ್ಟದ ಮಡಿಲಲ್ಲಿ ಮಲಗಿರುವುದೇ ಕಳವಾರ ಗ್ರಾಮ. ಬೆಟ್ಟ ಹತ್ತುವವರು ಇಲ್ಲಿಯ ಪಾಪಾಗ್ನಿ ಮಠದ ಬಳಿಯಿಂದ ಹೊರಡುತ್ತಾರೆ. ಸೂರ್ಯೋದಯಕ್ಕೆ ಮುಂಚೆ ಮೇಲೆ ತಲುಪಿದವರಿಗೆ ಕಾಲ ಕೆಳಗೆ ಮೋಡಗಳ ಕಡಲು ಕಾಣಿಸುವ ದಿನಗಳುಂಟು. ಆ ನೋಟದ ಆಸೆಗೆ ಬೆಂಗಳೂರಿನ ಯುವಕರು ಮೋಟಾರು ಸೈಕಲ್ಲುಗಳನ್ನೇರಿ ಹಿಂಡುಹಿಂಡಾಗಿ ಬರುತ್ತಾರೆ.

ಚಿಕ್ಕಬಳ್ಳಾಪುರವನ್ನು ಬಿಟ್ಟು ಕಳವಾರದ ದಾರಿಯ ಏರು ತೊಡಗಿದೊಡನೆ ನಮ್ಮ ಸಿಂಹ ಕೆಮ್ಮತೊಡಗಿತು. ಥ್ರಾಟಲನ್ನು ಎಷ್ಟು ತಿರುಗಿಸಿದರೂ ಸದ್ದು ಏರುವುದೇ ಹೊರತು ವೇಗ ಏರದು. ಎಂಜಿನ್ನಿನ ಕಾವು ಮೊಣಕಾಲಿಗೆ ತಾಗುತ್ತಿತ್ತು. ತಮ್ಮ ಗಾಡಿಯನ್ನು ನಿಲ್ಲಿಸಿ, ಅದು ತಣಿದ ಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಿದನು. ಕಾಫಿಪುಡಿಯ ಬಣ್ಣದಲ್ಲಿರಬೇಕಾದ ಅದರ ತುದಿ ಸುಣ್ಣದಂತೆ ಬೆಳ್ಳಗಾಗಿತ್ತು. ಹೀಗೆಯೇ ಎಳೆದಿದ್ದರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಗಾಡಿಯ ಕಥೆ ಮುಗಿಯುತ್ತಿತ್ತು.

ಕಾರಣವನ್ನು ತಮ್ಮ ಅಲ್ಲೇ ಒಂದು ಬಂಡೆಯ ಮೇಲೆ ಕುಳಿತು ವಿವರಿಸಿದನು. ಕನ್ನಡದ ಮೇಷ್ಟರಾದ ನನಗೆ ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ. ವಾಚಕರಲ್ಲಿ ಯಂತ್ರಶಾಸ್ತ್ರಜ್ಞರಿದ್ದರೆ ಮನ್ನಿಸಬೇಕು. ಬುಲೆಟ್ಟಿನದು ನಾಲ್ಕು ಹೊಡೆತದ ಎಂಜಿನ್ನು. ಅದರಲ್ಲಿ ಒಳಗೆ ಬರುವ ಬಾಗಿಲು, ಹೊರಗೆ ಹೋಗುವ ಬಾಗಿಲು ಬೇರೆಬೇರೆ, ಎರಡಕ್ಕೂ ಮುಚ್ಚಳಗಳಿವೆ. ಯೆಜ್ಡಿಯದು ಎರಡು ಹೊಡೆತದ ಎಂಜಿನ್ನು. ಅದು ಸಂತೆಯ ದಿನದ ಬಸ್ಸಿನಂತೆ: ಇಳಿಯುವವರು ಇಳಿಯುತ್ತಿರುವಾಗಲೇ ಹತ್ತುವವರು ನುಗ್ಗುತ್ತಾರೆ. ಸುಟ್ಟ ಹೊಗೆ ಹೊರಗೆ ಹೋಗುತ್ತಿರುವಾಗಲೇ ಹೊಸ ಪೆಟ್ರೋಲು ಗಾಳಿ ಒಳಗೆ ಬರುತ್ತವೆ. ಅವುಗಳಲ್ಲಿ ಒಂದು ಪಾಲು ಹೊಗೆಯ ಜೊತೆಗೇ ಹೊರಕ್ಕೆ ಜಾರುತ್ತದೆ. ಹಾಗೆ ಜಾರಿದವರನ್ನು ಮತ್ತೆ ಒಳಕ್ಕೆ ತಳ್ಳುವ ಕಂಡಕ್ಟರೇ ಸೈಲೆನ್ಸರು. ಕೊಳವೆಯಲ್ಲಿ ಓಡಿದ ಒತ್ತಡದ ಅಲೆ ಅದರ ಕೊನೆಯ ಇಕ್ಕಟ್ಟಿಗೆ ಬಡಿದು ಹಿಂತಿರುಗಿ ಬಂದು ಆ ಕೆಲಸವನ್ನು ಮಾಡುತ್ತದೆ. ಕೊಳವೆಯ ಉದ್ದ, ಹೊಟ್ಟೆಯ ಗಾತ್ರ, ಬಾಲದ ರಂಧ್ರ ಎಲ್ಲವೂ ಆ ಎಂಜಿನ್ನಿನ ಉಸಿರಿಗೆ ಹೊಂದಿರಬೇಕು. ನಾವು ಬಸ್ಸಿಗೆ ಕಂಡಕ್ಟರನನ್ನೇ ಕೊಟ್ಟಿರಲಿಲ್ಲ.

ಈ ಅಲೆಯನ್ನು ಪಳಗಿಸುವ ವಿದ್ಯೆಯನ್ನು 1950ರ ದಶಕದಲ್ಲಿ ಬೆಳೆಸಿದವನು ಪೂರ್ವ ಜರ್ಮನಿಯ ಎಂ.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನ್. 1961ರ ಸೆಪ್ಟೆಂಬರಿನಲ್ಲಿ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ಸಮಯದಲ್ಲಿ ದೇಶಬಿಟ್ಟು ಓಡಿ, ಆ ಗುಟ್ಟನ್ನು ಜಪಾನಿನ ಸುಜುಕಿಗೆ ಮುಟ್ಟಿಸಿದನು. ಮರುವರ್ಷವೇ 50 ಸಿ.ಸಿ. ವಿಭಾಗದಲ್ಲಿ ಸುಜುಕಿಗೆ ವಿಶ್ವವಿಜಯ. ಒಂದು ಹೊಗೆಕೊಳವೆಗಾಗಿ ಅಷ್ಟೆಲ್ಲ ನಡೆದ 1961ರಲ್ಲೇ ನಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. ಚೆಕೊಸ್ಲೊವಾಕಿಯದ ಜಾವಾ ಗಾಡಿಗಳು ಅಲ್ಲಿ ತಯಾರಾದವು. 1970ರ ದಶಕದಲ್ಲಿ ಅವು ಯೆಜ್ಡಿ ಎಂಬ ಹೆಸರು ಪಡೆದವು; 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆಯಾದರೂ ಅವು ನಾಲ್ಕು ಹೊಡೆತದವು. ಅವುಗಳ ಸೈಲೆನ್ಸರು ನಮ್ಮದಕ್ಕೆ ಒಗ್ಗದು.

ಹೇಗೋ ಮೆಲ್ಲಮೆಲ್ಲನೆ, ಆದರೆ ಮಹಾಶಬ್ದದೊಂದಿಗೆ, ಕಳವಾರವನ್ನು ಸೇರಿದೆವು. ಸದ್ದು ಬೆಟ್ಟದ ಬಂಡೆಗೆ ಬಡಿದು ಇಮ್ಮಡಿಯಾಗಿ ಮರಳುತ್ತಿತ್ತು. ಒಂದು ಮನೆಯ ಜಗಲಿಯಿಂದ ವೃದ್ಧರೊಬ್ಬರು ಎದ್ದು ಬಂದು ಕೈ ಅಡ್ಡ ಹಿಡಿದರು. ಬೈಯುವರೆಂದುಕೊಂಡೆವು. ಅವರು ಗಾಡಿಯನ್ನು ಒಮ್ಮೆ ಸುತ್ತಿ ನೋಡಿ ಹೇಳಿದರು:

“ಗಾಡಿ ಚೆನ್ನಾಗೈತೆ ಸ್ವಾಮಿ. ಬಾಯಿ ಮಾತ್ರ ದೊಡ್ಡದು. ಶನಿವಾರ ರಾತ್ರಿ ಆದ್ರೆ ಸಾಕು, ಎರಡು ಗಂಟೆಗೂ ಬತ್ತಾರೆ, ಮೂರು ಗಂಟೆಗೂ ಬತ್ತಾರೆ. ಮನೇಲಿ ಎರಡು ತಿಂಗಳ ಮೊಮ್ಮಗು ಐತೆ. ಬೆಚ್ಚಿ ಬೆಚ್ಚಿ ಏಳ್ತದೆ. ಬೆಟ್ಟ ನಿಮ್ದೂ ಹೌದು, ನಮ್ದೂ ಹೌದು. ನಿದ್ದೆ ಮಾತ್ರ ನಮ್ದು, ಸ್ವಾಮಿ.”

ಒಳಗಿನಿಂದ ಮಗುವಿನ ಅಳು ಕೇಳಿಸುತ್ತಲೇ ಇತ್ತು. ಮೂವತ್ತು ವರ್ಷಗಳ ಹಿಂದೆ ನಾನು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಆ ಅಳುವಿನಲ್ಲಿ ಇದ್ದಿತು. ನಾವು ಎಂಜಿನ್ನನ್ನು ಆರಿಸಿ, ಊರು ದಾಟುವವರೆಗೂ ಗಾಡಿಯನ್ನು ತಳ್ಳಿಕೊಂಡು ಹೋದೆವು. ಬೆಟ್ಟ ಹತ್ತುವ ಉತ್ಸಾಹ ಉಳಿದಿರಲಿಲ್ಲ.

ಕಾನೂನು ಈ ವಿಷಯದಲ್ಲಿ ಆ ವೃದ್ಧರಷ್ಟು ಮೃದುವಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಗೊತ್ತುಪಡಿಸಿದ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಬಳಿಕ ಶಬ್ದದ ನಿಯಮ ಮೀರಿದವರಿಗೆ ಹತ್ತು ಸಾವಿರ ರೂಪಾಯಿಯವರೆಗೆ ದಂಡವನ್ನೋ ಮೂರು ತಿಂಗಳವರೆಗೆ ಸೆರೆವಾಸವನ್ನೋ ವಿಧಿಸಬಹುದು.

ಹಿಂತಿರುಗುವಾಗ ನೆರೆಯ ಮುದ್ದೇನಹಳ್ಳಿಯಲ್ಲಿ ಸ್ವಲ್ಪ ಹೊತ್ತು ನಿಂತೆವು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಸಮಾಧಿಯೂ ಇಲ್ಲಿಯೇ ಇದೆ. ನಮ್ಮ ದೇಶದಲ್ಲೇ ಮೋಟಾರು ವಾಹನಗಳ ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಾಕಿ ಹೋರಾಡಿದ ಮಹನೀಯರು ಅವರು. ಅಳತೆಯಿಲ್ಲದೆ ಒಂದು ಕಲ್ಲನ್ನೂ ಇಡದ ಎಂಜಿನಿಯರ ಸಮಾಧಿಯ ಮುಂದೆ, ಅಳತೆಯಿಲ್ಲದೆ ಜೋಡಿಸಿದ ಕೊಳವೆಯ ಗಾಡಿಯನ್ನು ನಿಲ್ಲಿಸಿದ ನಮ್ಮ ತಮ್ಮನಿಗೆ ನಾಚಿಕೆಯಾಯಿತೆಂದು ತೋರುತ್ತದೆ. “ಬಿಚ್ಚಿಬಿಡೋಣ ಅಣ್ಣ” ಎಂದನು.

ಬಿಚ್ಚುವುದು ಸುಲಭವಾಗಿತ್ತು. ಬದಲಿಗೆ ಸಿಕ್ಕಿದುದೂ ಬೇರೆ ಗಾಡಿಯದೇ, ಆದರೆ ಈ ಬಾರಿ ದಾಯಾದಿಯದು: ಓಡಲಾರದೆ ಮೂಲೆ ಸೇರಿದ್ದ ಹಳೆಯ 250 ಸಿ.ಸಿ. ಜಾವಾದ ಜೋಡಿ ಸೈಲೆನ್ಸರುಗಳು. ತಮ್ಮ ಈಗ ವರ್ನಿಯರ್ ಹಿಡಿದು ಕೊಳವೆಯ ಹೊರಸುತ್ತನ್ನೂ ಸೈಲೆನ್ಸರಿನ ಬಾಯಿಯನ್ನೂ ಅಳೆದನು. ವ್ಯತ್ಯಾಸವಿದ್ದ ಕಡೆ ತೆಳುವಾದ ಉಕ್ಕಿನ ಬಳೆಯೊಂದನ್ನು ಲೇತಿನಲ್ಲಿ ಕಡೆಯಿಸಿ ತೊಡಿಸಿದನು. ಸಿಲಿಂಡರಿನ ಬಾಯಿಗೆ ಹೊಸ ತಾಮ್ರದ ವಾಷರಿಟ್ಟು ಬಳೆನಟ್ಟನ್ನು ಕೊಕ್ಕೆ ಸ್ಪ್ಯಾನರಿನಿಂದ ಬಿಗಿದನು. ಹಿಂಬದಿಯ ಹಿಡಿಕೆಯ ರಂಧ್ರಗಳು ಕೂಡದಿದ್ದಾಗ ಎಳೆದು ಕೂಡಿಸಲಿಲ್ಲ; ಹೊಸ ಪಟ್ಟಿಯನ್ನು ಮಾಡಿಸಿ, ನಡುವೆ ರಬ್ಬರು ಕೊಟ್ಟನು. ಭಾರವೆಲ್ಲ ಕೊಳವೆಯ ಕೊರಳಿನ ಮೇಲೇ ಬಿದ್ದರೆ ನಡುಕಕ್ಕೆ ಅದು ಸೀಳುವುದಂತೆ. ಒಳಗಿನ ಜಾಲರಿಯ ಕೊಳವೆಗಳ ಕರಿಯನ್ನು ಸುಟ್ಟು, ಉಜ್ಜಿ, ಮತ್ತೆ ಅವುಗಳ ಸ್ಥಾನದಲ್ಲಿಯೇ ಕೂರಿಸಿದನು. ಹತ್ತು ಮೈಲಿ ಓಡಿಸಿ ಪ್ಲಗ್ಗನ್ನು ಬಿಚ್ಚಿದರೆ ಹದವಾದ ಕಾಫಿಪುಡಿಯ ಬಣ್ಣ.

ಆ ಸಂಜೆ ನಾವು ಬೀದಿಯ ತಿರುವಿಗೆ ಬಂದು, ಗಾಡಿ ನಿಲ್ಲಿಸಿ, ಒಳಗೆ ಹೋದೆವು. ತಾಯಿ ಏನನ್ನೂ ಹೇಳಲಿಲ್ಲ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಒಲೆಯ ಮೇಲೆ ಕಾಫಿಯ ನೀರು ಕುದಿಯುತ್ತಿತ್ತು.

ಮುಂದಿನ ತಿಂಗಳು ಮತ್ತೆ ಕಳವಾರಕ್ಕೆ ಹೋದೆವು. ಗಾಡಿ ಏರನ್ನು ಆಯಾಸವಿಲ್ಲದೆ ಏರಿತು. ಊರು ಹತ್ತಿರವಾದೊಡನೆ ತಮ್ಮ ತಾನಾಗಿಯೇ ಥ್ರಾಟಲನ್ನು ಇಳಿಸಿದನು. ಅದೇ ಜಗಲಿ, ಅದೇ ವೃದ್ಧರು. ನಮ್ಮ ಗುರುತು ಹಿಡಿದು ಕೇಳಿದರು:

“ಏನು ಸ್ವಾಮಿ, ಆ ದೊಡ್ಡ ಬಾಯಿ ಗಾಡಿ ಮಾರಿಬಿಟ್ರಾ?”

“ಇದೇ ಅದು, ತಾತ.”

ಅವರು ನಂಬಲಿಲ್ಲ. ಬಗ್ಗಿ, ಸೈಲೆನ್ಸರಿನ ಬಳಿ ಅಂಗೈ ಹಿಡಿದು ಅದರ ಉಸಿರನ್ನು ಪರೀಕ್ಷಿಸಿ, ನಕ್ಕರು. “ಹಂಗಾದ್ರೆ ಒಳಗೆ ಬನ್ನಿ, ಒಂದು ಲೋಟ ಮಜ್ಜಿಗೆ ಕುಡಿದು ಹೋಗಿ” ಎಂದವರು, ಬಾಗಿಲಲ್ಲಿ ತಿರುಗಿ ತುಟಿಯ ಮೇಲೆ ಬೆರಳಿಟ್ಟು, “ಮೆಲ್ಲಗೆ. ಮಗು ಮಲಗೈತೆ” ಎಂದರು.