ಬರಿ ಚಾಸಿಗೆ ಇಟ್ಟ ಅಳತೆ

ತಲೆಗೆ ಟವೆಲು ಸುತ್ತಿಕೊಂಡ ಚಾಲಕ ಬರಿ ಚಾಸಿಯನ್ನು ಬಾಡಿ ಕಟ್ಟುವ ಶೆಡ್ಡಿಗೆ ಓಡಿಸಿಕೊಂಡು ಹೋಗುವುದು ನಮ್ಮ ಹೆದ್ದಾರಿಗಳ ಹಳೆಯ ನೋಟ. ಅಮೆರಿಕದ ಮೋಟರ್‌ಹೋಮ್ ಹುಟ್ಟುವುದೂ ಬಹುಪಾಲು ಹೀಗೆಯೇ. ಚಾಸಿ ಫೋರ್ಡಿನದೋ ಫ್ರೈಟ್‌ಲೈನರಿನದೋ ಆದರೆ, ಮೇಲಿನ ಮನೆ ಹೆಚ್ಚಾಗಿ ಇಂಡಿಯಾನಾದ ಎಲ್ಕಾರ್ಟ್ ಸುತ್ತಲಿನ ಕಾರ್ಖಾನೆಗಳದು. ಚಾಸಿ, ಬಾಡಿ ಎರಡನ್ನೂ ಒಂದೇ ಕೈ ಮಾಡಿದ್ದೂ ಉಂಟು. ಜನರಲ್ ಮೋಟರ್ಸ್ 1973ರ ಮಾದರಿಯಿಂದ 1978ರವರೆಗೆ ತಯಾರಿಸಿದ ಜಿಎಂಸಿ ಮೋಟರ್‌ಹೋಮಿನ ಮುಂದಿನ ಚಕ್ರಗಳಿಗೆ ಟಾರ್ಷನ್ ಬಾರ್, ಹಿಂದಿನ ನಾಲ್ಕಕ್ಕೆ ಗಾಳಿಚೀಲ. ಎಷ್ಟು ಹೊರೆ ಹೊರಬೇಕೆಂದು ಆ ಸಸ್ಪೆನ್ಷನ್ನಿಗೆ ಮೊದಲೇ ಗೊತ್ತಿತ್ತು. ಆ ದಾರಿಯನ್ನು ಹೆಚ್ಚು ಮಂದಿ ಹಿಡಿಯಲಿಲ್ಲ.

ಅಂದಿನಿಂದ ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಕಸುಬು ಗುರುತು ಸಿಗದಷ್ಟು ಬದಲಾಗಿದೆ. ಗಾಡಿಯ ಎರಡೂ ಪಕ್ಕ ದಾರ ಎಳೆದು, ಟೇಪು ಹಿಡಿದು ಚಕ್ರಗಳ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವ ಟೋ ನೋಡುತ್ತಿದ್ದ ಜಾಗದಲ್ಲಿ ಈಗ ಚಕ್ರಕ್ಕೆ ಕಚ್ಚಿಸಿದ ಫಲಕಗಳನ್ನು ಕ್ಯಾಮೆರಾ ಓದುತ್ತದೆ. ಡಿಗ್ರಿಯ ನೂರನೇ ಭಾಗವೂ ಪರದೆಯ ಮೇಲೆ ಮೂಡುತ್ತದೆ. ಆದರೆ ಎಷ್ಟು ಹೊರೆಯಲ್ಲಿ ಅಳೆದದ್ದು ಎಂಬುದನ್ನು ಕ್ಯಾಮೆರಾ ಹೇಳದು. ಫೋರ್ಡ್ ಇ-450ರ ಮುಂದಿರುವುದು, 1965ರಲ್ಲಿ ಆ ಕಂಪನಿಯ ಪಿಕಪ್‌ಗಳಿಗೆ ಬಂದ ಟ್ವಿನ್ ಐ-ಬೀಮ್ ವಂಶದ ಸಸ್ಪೆನ್ಷನ್. ಪ್ರತಿ ಚಕ್ರದ ಬೀಮೂ ಚಾಸಿಯ ಎದುರು ಬದಿಗೆ ಸಿಕ್ಕಿಸಿಕೊಂಡು ಆಡುವುದರಿಂದ, ಸ್ಪ್ರಿಂಗ್ ತಗ್ಗಿದರೆ ಚಕ್ರದ ತಲೆ ಒಳಕ್ಕೆ ವಾಲಿ ಟಯರಿನ ಒಳ ಅಂಚು ಸವೆಯುತ್ತದೆ. ಎದ್ದರೆ ಹೊರ ಅಂಚು. ಮಂಚ, ಫ್ರಿಜ್, ಜನರೇಟರ್ ಕೂತು, 150 ಲೀಟರ್ ನೀರಿನಿಂದ ಇನ್ನೂ 150 ಕಿಲೋ ಸೇರಿದ ಮೇಲೆ, ಬರಿ ಚಾಸಿಗೆ ಇಟ್ಟ ಕೋನ ಇದ್ದಲ್ಲೇ ಇರುವುದು ಕಷ್ಟ. ಹೊಸ ಗಾಡಿಯಲ್ಲವೇ, ಎಲ್ಲ ಸರಿಯಿರುತ್ತದೆ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಹೊರೆ ಪ್ರವಾಸದಿಂದ ಪ್ರವಾಸಕ್ಕೆ ಬದಲಾಗುವಾಗ ಯಾವುದಕ್ಕೆಂದು ಹೊಂದಿಸುವುದು ಎಂದು ಕೇಳಬಹುದು. ನೀರು, ಸಾಮಾನು ಏರಿಳಿಯುತ್ತವೆ ನಿಜ, ಮನೆಯ ತೂಕ ಮಾತ್ರ ಎಂದೂ ಇಳಿಯುವುದಿಲ್ಲ. ಹೊರಡುವ ದಿನದಷ್ಟೇ ತುಂಬಿ, ಪ್ರತಿ ಚಕ್ರದ ಭಾರವನ್ನು ಬೇರೆಬೇರೆ ತೂಗಿ, ಅದಕ್ಕೆ ತಕ್ಕ ಗಾಳಿ ಹಾಕಿ ಅಳೆದರೆ ತಪ್ಪು ಸಣ್ಣದಾಗುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಫೋರ್ಡಿನ ಎಫ್-53ರಂಥ ಚಾಸಿಯ ಮುಂದೆ ಇರುವುದು ಇಡಿ ಆಕ್ಸಲ್, ಕಮಾನ್ ಪ್ಲೇಟು. ಲಾರಿ ಹಾದಾಗ ಅಂಥ ಗಾಡಿ ಗಾಳಿಗೆ ತೂರಾಡುವುದನ್ನು ಅಲೈನ್‌ಮೆಂಟ್ ತಡೆದೀತೇ? ಪೂರ್ತಿ ತಡೆಯದು. ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಕ್ಷದ ಹಿಂಬಾಗು, ಸಾಕಷ್ಟಿದ್ದರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆ, ಅಷ್ಟೇ. ಆಕ್ಸಲ್ ಪಕ್ಕಕ್ಕೆ ಜರುಗದಂತೆ ಟ್ರ್ಯಾಕ್ ಬಾರ್, ಗಾಡಿ ವಾಲದಂತೆ ಸ್ವೇ ಬಾರ್ ಹಿಡಿಯಬೇಕು. ಆದರೆ ಆ ಖರ್ಚಿಗೆ ಇಳಿಯುವ ಮುಂಚೆ ತೂಕದ ಚೀಟಿ ಕೈಯಲ್ಲಿರಲಿ. ಅಲೈನ್‌ಮೆಂಟ್ ಕಾಗದದಲ್ಲಿ ಅಂಕಿಗಳೆಲ್ಲ ಹಸಿರಾಗಿದ್ದರೂ, ಅಳೆಯುವಾಗ ಟ್ಯಾಂಕು ಖಾಲಿಯಿದ್ದರೆ ಆ ಅಂಕಿಗಳು ಬೇರೊಂದು ಗಾಡಿಯವು.