ಹನ್ನೆರಡು ಇಂಚಿನ ಸಮುದ್ರ

ನಮ್ಮ ಮನೆಯಿಂದ ಸಮುದ್ರ ಹೆಚ್ಚು ದೂರವಿಲ್ಲ. ಮಳೆಗಾಲದ ರಾತ್ರಿ ಕಿಟಕಿ ಮುಚ್ಚಿ ಮಲಗಿದರೂ ಉಳ್ಳಾಲದ ಕಡಲಿನ ಮೊರೆತ ಕೇಳಿಸುತ್ತದೆ. ಹೀಗಿರುವಾಗ ಮನೆಯೊಳಗೂ ಒಂದು ಸಮುದ್ರ ಬೇಕೆಂದು ಹೊರಟ ನಮ್ಮನ್ನು ನೆರೆಯವರು, "ನಿಮಗೆ ಬೇರೆ ಕೆಲಸ ಇಲ್ಲವಾ ಮಾರಾಯ್ರೆ?" ಎಂದು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಇದೆಲ್ಲ ಆರಂಭವಾದದ್ದು ಒಂದು ಕಲ್ಲಿನಿಂದ. ಉಮ್ಮನ ತಂದೆ ಮಂಗಳೂರಿನ ಬಂದರಿನಲ್ಲಿ ದುಡಿಯುತ್ತಿದ್ದರು. ಲಕ್ಷದ್ವೀಪದಿಂದ ತೆಂಗಿನ ನಾರು, ಕೊಬ್ಬರಿ ಹೊತ್ತು ಬರುತ್ತಿದ್ದ ಮಂಜಿಗಳು ಮರಳುವಾಗ ಅಕ್ಕಿ ಒಯ್ಯುತ್ತಿದ್ದವು. ಅಮೀನಿ, ಕಡಮತ್, ಕಿಲ್ತಾನ್ ಮುಂತಾದ ಅಮೀನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವೆಂಬುದನ್ನು ಈಗ ಇಲ್ಲಿಯವರೇ ಮರೆತಿದ್ದಾರೆ. ಆ ದ್ವೀಪದವರೊಬ್ಬರು ಅಜ್ಜನಿಗೆ ತೆಂಗಿನಕಾಯಿ ಗಾತ್ರದ ಬಿಳಿ ಕಲ್ಲೊಂದನ್ನು ಕೊಟ್ಟಿದ್ದರಂತೆ. ಮೈತುಂಬ ಸುರುಳಿ ಸುರುಳಿ ಗೆರೆ. ಹಳೆಮನೆಯ ಬಚ್ಚಲ ಬಾಗಿಲಲ್ಲಿದ್ದ ಅದಕ್ಕೆ ಹಿಮ್ಮಡಿ ಉಜ್ಜಿಯೇ ಉಮ್ಮ ಬೆಳೆದದ್ದು. ಮನೆ ಕೆಡವಿದಾಗ ಕಲ್ಲೂ ಮಣ್ಣು ಸೇರಿತು.

2022ರ ಕೊನೆಯಲ್ಲಿ ಮಗಳ ಪಾಠಪುಸ್ತಕದಲ್ಲಿ ಹವಳದ ಚಿತ್ರ ನೋಡಿದ ಉಮ್ಮ, "ಅಲ್ಲಾ, ಇದು ನಮ್ಮ ಬಚ್ಚಲ ಕಲ್ಲಲ್ಲವಾ?" ಎಂದರು. ಕಲ್ಲಲ್ಲ, ಅದು ಸಾವಿರಾರು ಸಣ್ಣ ಜೀವಿಗಳು ಕಟ್ಟಿದ ಮನೆ, ಅಂತಹ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಎಂದು ಮಗಳು ಓದಿ ಹೇಳಿದಳು. ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಜೀವ ಇರುವಾಗ ಅದು ಹೇಗಿರುತ್ತದೋ" ಎಂದರು. ಮೊಣಕಾಲು ನೋವಿನಿಂದ ಅಂಗಳಕ್ಕೂ ಇಳಿಯಲಾಗದ ಅವರನ್ನು ನಾವು ಲಕ್ಷದ್ವೀಪಕ್ಕೆ ಕರೆದೊಯ್ಯುವಂತಿರಲಿಲ್ಲ.

ಅಂಗಡಿಯಲ್ಲಿ ಸಿಗುವ ಸಮುದ್ರದ ಅಕ್ವೇರಿಯಂಗಳ ಬೆಲೆ ಕೇಳಿ ನಾವು ಗಾಜಿನ ಅಂಗಡಿಗೆ ಹೋದೆವು. ಐದು ಮಿಲಿಮೀಟರ್ ದಪ್ಪದ ಗಾಜು; ಉದ್ದ, ಅಗಲ, ಎತ್ತರ ಮೂರೂ ಹನ್ನೆರಡು ಇಂಚು. ಅಡಿಗೊಂದು, ಸುತ್ತ ನಾಲ್ಕು ತುಂಡು ಸಾಕು. ಐದನ್ನೂ ಸರಿಯಾಗಿ ಹನ್ನೆರಡು ಇಂಚಿಗೇ ಕತ್ತರಿಸಿಕೊಂಡು ಬಂದೆವು. ಜೋಡಿಸಿ ನೋಡಿದರೆ ಎರಡು ಪಕ್ಕದ ಗಾಜುಗಳು ಹೊರಗೆ ಚಾಚಿಕೊಂಡಿವೆ! ಮುಂದಿನ ಮತ್ತು ಹಿಂದಿನ ಗಾಜುಗಳ ನಡುವೆ ಕೂರಬೇಕಾದ ತುಂಡುಗಳ ಅಗಲದಿಂದ ಆ ಎರಡರ ದಪ್ಪ, ಅಂದರೆ ಹತ್ತು ಮಿಲಿಮೀಟರ್ ಕಳೆಯಬೇಕಿತ್ತು. ಅಳತೆ ಬರೆದುಕೊಟ್ಟದ್ದು ನಮ್ಮಿಬ್ಬರಲ್ಲಿ ಯಾರೆಂದು ಇಲ್ಲಿ ಬರೆಯಬಾರದೆಂದು ಮನೆಯಲ್ಲಿ ಒಪ್ಪಂದವಾಗಿದೆ.

ಅಂಟಿಸಲು ಸಿಲಿಕೋನ್. ಬೂಸ್ಟು ಹಿಡಿಯದಂತೆ ಮದ್ದು ಬೆರೆಸಿದ ಬಚ್ಚಲಮನೆಯ ಸಿಲಿಕೋನ್ ಇದಕ್ಕೆ ಆಗದು, ಜಲಚರಗಳಿಗೆ ಅದು ವಿಷ. ಮದ್ದಿಲ್ಲದ್ದನ್ನು ತಂದು ಅಂಟಿಸಿದೆವು. ಎರಡು ದಿನ ಮನೆಯಿಡೀ ವಿನೆಗರ್ ವಾಸನೆ. ಒಂದು ವಾರ ಒಣಗಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ನೀರು ತುಂಬಿಸಿದರೆ ಬೆಳಗಾಗುವಷ್ಟರಲ್ಲಿ ಒಂದು ಮೂಲೆಯಿಂದ ಹನಿ. ಹಳೆಯ ಸಿಲಿಕೋನಿನ ಮೇಲೆ ಹೊಸತು ಹಿಡಿಯುವುದಿಲ್ಲ. ಬ್ಲೇಡಿನಿಂದ ಎಲ್ಲವನ್ನೂ ಕೆರೆದು ಮೊದಲಿನಿಂದ ಅಂಟಿಸಬೇಕಾಯಿತು.

ಸಮುದ್ರ ಹತ್ತಿರವಿದ್ದ ಮೇಲೆ ನೀರಿಗೇನು ಬರ ಎಂದು ಎರಡು ಕ್ಯಾನ್ ಹಿಡಿದು ದಡಕ್ಕೆ ಹೋದೆವು. ಮನೆಗೆ ತಂದು ಅಳೆದರೆ ಉಪ್ಪು ಕಡಿಮೆ. ಹವಳದ ಕಡಲಿನಲ್ಲಿ ಸಾವಿರ ಪಾಲಿಗೆ ಸುಮಾರು 35 ಪಾಲು ಉಪ್ಪಿರುತ್ತದೆ. ನಮ್ಮ ದಡದ ಪಕ್ಕದಲ್ಲೇ ನೇತ್ರಾವತಿ, ಗುರುಪುರ ನದಿಗಳು ಸೇರುವ ಅಳಿವೆ. ಮಳೆಗಾಲದಲ್ಲಂತೂ ಅಲ್ಲಿ ಕೆಸರು ಬೆರೆತ ಸಪ್ಪೆ ನೀರು. ಹವಳಕ್ಕೆ ಬೇಕಾದದ್ದು ತಿಳಿಯಾದ, ಉಪ್ಪು ಏರುಪೇರಾಗದ ನೀರು. ಕೊನೆಗೆ ಅಕ್ವೇರಿಯಮ್ಮಿಗೆಂದೇ ಮಾರುವ ಉಪ್ಪಿನ ಪುಡಿ ತಂದು, ಕುಡಿಯುವ ನೀರಿನ ಫಿಲ್ಟರಿನ ನೀರಿಗೆ ಬೆರೆಸಿದೆವು. ಕಡಲ ತಡಿಯಲ್ಲಿದ್ದುಕೊಂಡು ದುಡ್ಡು ಕೊಟ್ಟು ಕಡಲ ನೀರು ಮಾಡಿದ ಕತೆ ಇದು.

ಮರಳು, ತೂತುತೂತಾದ ಮೂರು ಕಿಲೋ ಕೃತಕ ಕಲ್ಲು, ಒಂದು ಪುಟ್ಟ ಪಂಪು, ಒಂದು ದೀಪ. ಇಷ್ಟಾದರೂ ಜೀವ ಬಿಡುವಂತಿಲ್ಲ. ಜೀವಿಗಳ ಹೇಲಿನಿಂದ, ಕೊಳೆತದ್ದರಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಕಲ್ಲಿನ ತೂತುಗಳಲ್ಲಿ ಇವು ಮನೆಮಾಡಲು ತಿಂಗಳು, ಒಂದೂವರೆ ತಿಂಗಳು ಬೇಕು. ಅವುಗಳಿಗೆ ಊಟವಾಗಲೆಂದು ನಾವು ಒಂದು ಸಿಗಡಿಯನ್ನು ನೀರಿಗೆ ಹಾಕಿದೆವು. "ಗಸಿ ಮಾಡುವ ಸಿಗಡಿಯನ್ನು ಕೊಳೆಸುವುದಾ? ಇಸ್ರಾಫ್!" ಎಂದು ಉಮ್ಮ ಗದರಿದರು. ವಾಸನೆಯೂ ಅವರ ಪರವಾಗಿಯೇ ಇತ್ತು. 37 ದಿನ ನಾವು ಬರೀ ಕಲ್ಲು, ನೀರು ನೋಡುತ್ತ ಕುಳಿತೆವು.

ಈ ನಡುವೆ ಬೇರೊಂದು ಊರಿನ ಅಂಗಡಿಯಲ್ಲಿ ಉಮ್ಮನ ಕಲ್ಲು ನಮಗೆ ಎದುರಾಯಿತು. ಅದೇ ಸುರುಳಿ ಗೆರೆ, ಆದರೆ ಬಿಳಿಯಲ್ಲ. ಕಂದು ಮೈ, ಗೆರೆಗಳ ನಡುವೆ ಹಸಿರು ಹೊಳಪು. ಮಗಳು ನಮ್ಮ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಬೆಲೆ ಕುದುರಿಸಿ, ಬಿಲ್ ಕೊಡಿ ಎಂದೆವು. "ಇದಕ್ಕೆ ಬಿಲ್ ಇಲ್ಲ" ಎಂದರು ಅಂಗಡಿಯವರು. ಯಾಕೆ ಎಂದದ್ದಕ್ಕೆ ನಕ್ಕರು. ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ, ಹುಲಿ ಆನೆಗಳ ಸಾಲಿಗೆ, ಸೇರಿಸಲಾಗಿದೆ. ಕೀಳುವುದು, ಮಾರುವುದು, ಕೊಳ್ಳುವುದು ಎಲ್ಲವೂ ಜೈಲಿಗೆ ಹೋಗುವ ಅಪರಾಧ. ಸತ್ಯ ಹೇಳಬೇಕೆಂದರೆ, ಇದು ನಮಗೆ ಆ ಹೊತ್ತಿಗೆ ಗೊತ್ತೇ ಇರಲಿಲ್ಲ. ಬಿಲ್ ಇಲ್ಲವೆಂಬ ಅಳುಕಿಗೆ ಅಲ್ಲಿಂದ ಹೊರಬಿದ್ದೆವು, ಕಾರಣ ಆಮೇಲೆ ತಿಳಿಯಿತು. ಮಗಳು ಬಸ್ಸಿನಲ್ಲಿ ಮಾತಾಡಲಿಲ್ಲ.

ಆ ಪಟ್ಟಿಯಲ್ಲಿಲ್ಲದ ಬಟನ್ ಪಾಲಿಪ್‌ಗಳನ್ನು ಬೇರೆ ಅಂಗಡಿಯಿಂದ, ಬಿಲ್ಲಿನೊಂದಿಗೆ, ತಂದೆವು. ಹವಳದ ದೂರದ ಸಂಬಂಧಿಗಳಿವು. ಸುಣ್ಣದ ಮನೆ ಕಟ್ಟುವುದಿಲ್ಲ. ಅಂಗಿಯ ಗುಂಡಿಯಷ್ಟು ಅಗಲದ ಹನ್ನೊಂದು ಬಾಯಿಗಳು, ಸುತ್ತ ರೆಪ್ಪೆಯಂತಹ ಕೂದಲು. ಹವಳದಂತೆಯೇ ಇವುಗಳ ಮೈಯೊಳಗೂ ಕಣ್ಣಿಗೆ ಕಾಣದ ಪಾಚಿಗಳಿದ್ದು, ಬೆಳಕಿನಲ್ಲಿ ಆಹಾರ ತಯಾರಿಸಿ ಮನೆ ಕೊಟ್ಟವರಿಗೆ ಪಾಲು ಕೊಡುತ್ತವೆ. ಇಟ್ಟುಕೊಳ್ಳುವವರಿಗೆ ಒಂದು ಮಾತು: ಈ ಬಳಗದ ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕೈಗವಸು ಇಲ್ಲದೆ ಮುಟ್ಟಬಾರದು. ಇವು ಬೆಳೆದ ಕಲ್ಲನ್ನು ತೊಳೆಯಲೆಂದು ಕುದಿಸಲೇಬಾರದು. ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು.

ಎರಡು ಬಸವನಹುಳು ಬಂದವು. ಮಾರ್ಚಿನಲ್ಲಿ ಮಗಳ ಹಟಕ್ಕೆ ಒಂದು ಕಿತ್ತಳೆ ಬಣ್ಣದ ಕ್ಲೌನ್ ಮೀನು ಬಂತು. ಕಲ್ಲು ಮರಳು ಕಳೆದರೆ ಇಪ್ಪತ್ತು ಲೀಟರ್ ನೀರೂ ಇಲ್ಲದ ತೊಟ್ಟಿಗೆ ಅದು ಹೆಚ್ಚೆಂದು ಓದಿದ್ದೆವು. ಓದಿದ್ದರೂ ತಂದೆವು.

ಏಪ್ರಿಲಿನ ಸೆಕೆಯಲ್ಲಿ ನೀರು 31 ಡಿಗ್ರಿ ದಾಟಿತು. ಮೇಲೊಂದು ಸಣ್ಣ ಫ್ಯಾನ್ ಇಟ್ಟೆವು. ನೀರು ಆವಿಯಾಗುತ್ತ ಎರಡು ಮೂರು ಡಿಗ್ರಿ ತಂಪಾಗುತ್ತದೆ. ಆದರೆ ದಿನಕ್ಕೆ 300 ಮಿಲಿಲೀಟರಿನಷ್ಟು ನೀರು ಕಡಿಮೆಯಾಗತೊಡಗಿತು. ಅದನ್ನು ತುಂಬಲು ನಾವು ದಿನಾ ಉಪ್ಪು ಬೆರೆಸಿದ ನೀರನ್ನೇ ಹೊಯ್ದೆವು. ಸಮುದ್ರಕ್ಕೆ ಸಮುದ್ರದ ನೀರು, ಅದರಲ್ಲಿ ತಪ್ಪೇನು? ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆಂದು ಮೂರನೇ ತರಗತಿಯ ಮಕ್ಕಳಿಗೂ ಗೊತ್ತು. ಎರಡು ವಾರಗಳಲ್ಲಿ 35 ಇದ್ದ ಉಪ್ಪು 42ರ ಹತ್ತಿರ ಬಂದಿತ್ತು. ಬಸವನಹುಳುಗಳು ಬಾಗಿಲು ಮುಚ್ಚಿಕೊಂಡವು, ಗುಂಡಿಗಳು ಮುದುಡಿದವು. ನಾವು ಸೆಕೆಯೆಂದುಕೊಂಡೆವು. ಆ ವಾರವೇ ಒಂದು ರಾತ್ರಿ ಕರೆಂಟು ಹೋಗಿ ಪಂಪೂ ಫ್ಯಾನೂ ನಿಂತವು. ಬೆಳಗ್ಗೆ ಮೀನು ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು.

ಮಗಳು ಅಳಲಿಲ್ಲ. ಉಪ್ಪು ಅಳೆಯುವ ಉಪಕರಣ ತಂದು, ತಾನೇ ಅಳೆದು, ಸಂಖ್ಯೆಯನ್ನು ನಮಗೆ ತೋರಿಸಿದಳು. "ಪಾಪದ್ದು, ಕಡಲಿನಲ್ಲಾದರೆ ಎಲ್ಲಿಗಾದರೂ ಓಡುತ್ತಿತ್ತು" ಎಂದರು ಉಮ್ಮ. ಅದನ್ನು ತಂದವರು ನಾವು; ಕರೆಂಟಿನ ಮೇಲೋ ಸೆಕೆಯ ಮೇಲೋ ಹಾಕಿ ತಪ್ಪಿಸಿಕೊಳ್ಳುವಂತಿರಲಿಲ್ಲ. ದಿನವೂ ಸ್ವಲ್ಪ ಸ್ವಲ್ಪವೇ ನೀರು ಬದಲಿಸಿ ಉಪ್ಪನ್ನು ಕೆಳಗಿಳಿಸಿದೆವು. ಹತ್ತನೇ ದಿನ ಗುಂಡಿಗಳು ಒಂದೊಂದಾಗಿ ಅರಳಿದವು. ಬಸವನಹುಳುಗಳಲ್ಲಿ ಒಂದು ಮಾತ್ರ ಉಳಿಯಿತು. ಮೀನು ಮತ್ತೆ ತರಲಿಲ್ಲ.

2024ರ ಬೇಸಗೆಯಲ್ಲಿ, ಕಡಲಿನ ಬಿಸಿ ಏರಿ ಲಕ್ಷದ್ವೀಪದ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿವೆ ಎಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿದ ಸುದ್ದಿ ಬಂತು. ನೀರು ಹಲವು ವಾರ ಹೆಚ್ಚು ಬಿಸಿಯಾದರೆ ಹವಳ ತನ್ನೊಳಗಿನ ಪಾಚಿಗಳನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗ ತಣಿಯದಿದ್ದರೆ ಹಸಿದು ಸಾಯುತ್ತದೆ. ಮಗಳು ಓದಿ ಹೇಳುತ್ತಿದ್ದಂತೆ ಉಮ್ಮ ತೊಟ್ಟಿಯ ಮೇಲಿನ ಫ್ಯಾನನ್ನೇ ನೋಡುತ್ತಿದ್ದರು.

"ಎಷ್ಟು ಬಿಸಿ ಜಾಸ್ತಿಯಾದರೆ ಹಾಗಾಗುವುದು?"

"ಒಂದೆರಡು ಡಿಗ್ರಿ, ಅಷ್ಟೆ."

"ಅಷ್ಟೆಯಾ!" ಎಂದು ಉಮ್ಮ ಕುರ್ಚಿಯನ್ನು ತೊಟ್ಟಿಯ ಹತ್ತಿರಕ್ಕೆ ಎಳೆದುಕೊಂಡರು.

ಈಗ ಗುಂಡಿಗಳು ನಲವತ್ತು ದಾಟಿವೆ. ಎಣಿಸುವವಳು ಮಗಳು, ನೀರು ತುಂಬಿಸುವ ಕೆಲಸ ಉಮ್ಮನದ್ದು. ಮಗ್ರಿಬ್ ನಮಾಝ್ ಮುಗಿಸಿ, ಗಾಜಿನ ಮೇಲೆ ಮಗಳು ಎಳೆದ ಗೆರೆಯವರೆಗೆ, ಒಂದು ಲೋಟದಿಂದ ನಿಧಾನವಾಗಿ ಹೊಯ್ಯುತ್ತಾರೆ. ಸಿಹಿ ನೀರು.