ಕೊಕ್ಕೆ, ಪಿನ್ನು, ಮೂಕಿ

ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಪಂದ್ಯ ನಮ್ಮ ಬೆಳಗಾವಿ, ಬಾಗಲಕೋಟೆ ಸೀಮೆಯ ಜಾತ್ರೆಗಳಲ್ಲಿ ನಡೆಯುತ್ತದೆ. ಮೊನ್ನೆ ಒಬ್ಬ ಯುವಕ ನಾಲ್ಕು ಗಾಲಿಯ ಟ್ರೇಲರನ್ನು ಸುಣ್ಣದ ಗೆರೆಗಳ ನಡುವೆ ಎಲ್ಲೂ ತಡವರಿಸದೆ ಹಿಂದಕ್ಕೆ ಒಯ್ದ. ಆ ಖುಷಿ ಇನ್ನೂ ಇಳಿದಿಲ್ಲ.

ಎರಡು ಗಾಲಿಯ ಟ್ರೇಲರಿಗೆ ಕೀಲು ಒಂದೇ. ಹಿಂದಕ್ಕೆ ಬಿಡುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ನಾಲ್ಕು ಗಾಲಿಯದಕ್ಕೆ ಟ್ರ್ಯಾಕ್ಟರಿನ ಕೊಕ್ಕೆಗೆ ಸಿಕ್ಕಿಸುವ ಪಿನ್ನು ಒಂದು ಕೀಲು, ಮುಂದಿನ ಅಚ್ಚನ್ನು ತಿರುಗಿಸುವ ಟರ್ನ್‌ಟೇಬಲ್ ಇನ್ನೊಂದು. ಉಲ್ಟಾ ಮತ್ತೊಮ್ಮೆ ಉಲ್ಟಾ ಆಗಿ, ಸ್ಟೇರಿಂಗ್ ತಿರುಗಿಸಿದ ಕಡೆಗೇ ಗಾಡಿ ವಾಲುತ್ತದೆ. ಮುಂದಕ್ಕೆ ಎಳೆಯುವಾಗ ಎಳೆತವೇ ಓರೆಯನ್ನು ನೆಟ್ಟಗೆ ಮಾಡುತ್ತದೆ. ಹಿಂದಕ್ಕೆ ತಳ್ಳುವಾಗ ಇಷ್ಟೇ ಇಷ್ಟು ಓರೆ ತಾನಾಗಿ ಬೆಳೆಯುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಟ್ರೇಲರಿನ ಬಾಲ ನೋಡಬೇಡಿ, ಟ್ರೇಲರಿನಿಂದ ಪಿನ್ನಿಗೆ ಚಾಚಿದ ಮೂಕಿಗೂ ಟ್ರ್ಯಾಕ್ಟರಿಗೂ ನಡುವಿನ ಕೋನ ನೋಡಿ. ತಪ್ಪು ಮೊದಲು ಹುಟ್ಟುವುದು ಅಲ್ಲಿ. ಕೋನ ಒಂದು ಮಿತಿ ದಾಟಿತೆಂದರೆ ಸ್ಟೇರಿಂಗ್ ಎಷ್ಟು ಮುರಿದರೂ ಪ್ರಯೋಜನವಿಲ್ಲ, ಮುಂದಕ್ಕೆ ಬಂದೇ ಸರಿಮಾಡಿಕೊಳ್ಳಬೇಕು. ಮೂಕಿ ಉದ್ದವಿದ್ದಷ್ಟೂ ಓರೆ ನಿಧಾನ ಬೆಳೆಯುತ್ತದೆ, ತಿದ್ದಲು ಪುರುಸೊತ್ತು ಸಿಗುತ್ತದೆ.

ನನ್ನ ಜಗಳ ಕೊಕ್ಕೆಗೆ ಕಬ್ಬಿಣ ಬೆಸುಗೆ ಹಾಕಿಸಿ ಹಿಂದಕ್ಕೆ ಚಾಚಿಸುವವರ ಜೊತೆ. ಹಿಂದಿನ ಅಚ್ಚಿನಿಂದ ಪಿನ್ನು ದೂರ ಹೋದಷ್ಟೂ ಟ್ರ್ಯಾಕ್ಟರಿನ ಬಾಲ ಅಗಲವಾಗಿ ಬೀಸುತ್ತದೆ, ಟ್ರೇಲರ್ ಬೇಗ ತಿರುಗುತ್ತದೆ. ಪಂದ್ಯದ ಮೈದಾನದಲ್ಲಿ ಇದರಿಂದ ಲಾಭವುಂಟು. ಆದರೆ ಮರುದಿನ ಅದೇ ಟ್ರ್ಯಾಕ್ಟರ್ ಕಬ್ಬು ಹೇರಿಕೊಂಡು ಕಾರ್ಖಾನೆಯ ದಾರಿ ಹಿಡಿಯುತ್ತದೆ. ಇಳಿಜಾರಿನಲ್ಲಿ ಟ್ರೇಲರ್ ಓಲಾಡಿದಾಗ ಆ ಚಾಚು ಸನ್ನೆಕೋಲಾಗಿ ಟ್ರ್ಯಾಕ್ಟರಿನ ಹಿಂಭಾಗವನ್ನು ಒಂದು ಕಡೆ ತಳ್ಳುತ್ತದೆ, ಮೂತಿ ಇನ್ನೊಂದು ಕಡೆ ತಿರುಗುತ್ತದೆ. ಮೂಕಿಯ ಭಾರ ಅಚ್ಚಿನಿಂದ ಅಷ್ಟು ಹಿಂದೆ ಕೂತರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಇನ್ನು ಕೆಲವರು ನೇಗಿಲು ಎತ್ತುವ ಲಿಫ್ಟಿನ ಎರಡು ತೋಳುಗಳ ನಡುವಿನ ಅಡ್ಡಪಟ್ಟಿಗೇ ಟ್ರೇಲರ್ ಕಟ್ಟುತ್ತಾರೆ, ತೋಳುಗಳು ಅತ್ತಿತ್ತ ಆಡದಂತೆ ಹಿಡಿಯುವ ಚೆಕ್ ಚೈನ್ ಬಿಗಿ ಮಾಡುವುದಿಲ್ಲ. ಆಗ ಪಿನ್ನೇ ಉಯ್ಯಾಲೆ. ಸಾಲದ್ದಕ್ಕೆ ಲಿಫ್ಟ್ ಬೇರೆ ಎತ್ತುತ್ತಾರೆ! ಎಳೆತ ಅಚ್ಚಿಗಿಂತ ಮೇಲೆ ಬಿದ್ದರೆ ಮೂತಿ ಏಳುತ್ತದೆ. ಅದನ್ನು ಕಂಡು ಸಿಳ್ಳೆ ಹೊಡೆಯುವವರನ್ನು ನೋಡಿದರೆ ಮೈ ಉರಿಯುತ್ತದೆ.

ಮೂತಿ ಎದ್ದು ಮಗುಚುವ ಈ ಅಪಾಯಕ್ಕೆ ಹ್ಯಾರಿ ಫರ್ಗ್ಯೂಸನ್ ಪರಿಹಾರ ಹುಡುಕಿದ. 1884ರಲ್ಲಿ ಐರ್ಲೆಂಡಿನ ಡೌನ್ ಕೌಂಟಿಯ ರೈತಮನೆಯಲ್ಲಿ ಹುಟ್ಟಿದವನು, 1909ರಲ್ಲಿ ತಾನೇ ಕಟ್ಟಿದ ವಿಮಾನ ಹಾರಿಸಿದವನು. ಆ ಕಾಲದಲ್ಲಿ ನೇಗಿಲು ಕಲ್ಲಿಗೆ ಸಿಕ್ಕಿದರೆ ಟ್ರ್ಯಾಕ್ಟರ್ ಹಿಮ್ಮಗುಚಿ ಚಾಲಕನ ಮೇಲೇ ಬೀಳುತ್ತಿತ್ತು. ಅವನು ಒಂಟಿ ಕೊಕ್ಕೆಯನ್ನು ಬಿಟ್ಟು ಕೆಳಗೆರಡು ತೋಳು, ಮೇಲೊಂದು ತೋಳು ಇಟ್ಟ. ಈ ಏರ್ಪಾಟು ಹೊತ್ತ ಫೋರ್ಡ್ 9ಎನ್ ಟ್ರ್ಯಾಕ್ಟರ್ 1939ರಲ್ಲಿ ಬಂತು. ನೇಗಿಲು ಸಿಕ್ಕಿಕೊಂಡರೆ ಮೇಲಿನ ತೋಳು ಮುಂದಕ್ಕೆ ಒತ್ತಿ ಮೂತಿಯನ್ನು ನೆಲಕ್ಕೆ ಕೂರಿಸುತ್ತದೆ. ಕೆಳಗಿನ ತೋಳುಗಳು ಮುಂದಕ್ಕೆ ಹೋದಂತೆ ಹತ್ತಿರವಾಗುತ್ತವೆ. ಆ ಗೆರೆಗಳನ್ನು ಮನಸ್ಸಿನಲ್ಲೇ ಎಳೆಯಿರಿ, ಹಿಂದಿನ ಅಚ್ಚನ್ನು ದಾಟಿ ಎಷ್ಟೋ ಮುಂದೆ ಕೂಡುತ್ತವೆ. ನೇಗಿಲು ಹಿಂದೆ ಇದ್ದರೂ ಎಳೆಸಿಕೊಳ್ಳುವುದು ಆ ಬಿಂದುವಿನಿಂದ. ಅಲ್ಲಿ ಪಿನ್ನೂ ಇಲ್ಲ, ತೂತೂ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನ.

ಅಮೆರಿಕದಲ್ಲಿ ಕಾರಿಗೆ ಮನೆಗಾಡಿ ಕಟ್ಟುವವರು ಬಳಸುವ ಹೆನ್ಸ್ಲಿ ಹಿಚ್ಚಿನಲ್ಲೂ ಇದೇ ಚಮತ್ಕಾರವಿದೆ. ಓರೆಯಾಗಿ ಜೋಡಿಸಿದ ಕೊಂಡಿಗಳು ಎಳೆತದ ಬಿಂದುವನ್ನು ಕಾರಿನ ಹಿಂದಿನ ಅಚ್ಚಿನ ಬಳಿಗೆ ತಂದು ಓಲಾಟವನ್ನು ತಡೆಯುತ್ತವೆ. ಅಲ್ಲಿಯವರು ಟ್ರೇಲರಿನ ತೂಕದಲ್ಲಿ ಶೇ. 10ರಿಂದ 15ರಷ್ಟು ಮೂಕಿಯ ಮೇಲೆ ಬೀಳುವಂತೆ ಸಾಮಾನು ಹೇರುತ್ತಾರೆ. ನಮ್ಮ ಎತ್ತಿನಗಾಡಿಯವರಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಅದರ ಹಗ್ಗ ಎತ್ತಿನ ಕೊರಳಿಗೆ ಬಿಗಿಯುತ್ತಿತ್ತು, ಕೂಡಲೇ ಚೀಲ ಮುಂದಕ್ಕೆ ಜರುಗಿಸುತ್ತಿದ್ದರು. ಟ್ರ್ಯಾಕ್ಟರಿಗೆ ಕೊರಳಿಲ್ಲವೆಂದು ಎರಡು ಗಾಲಿಯದಕ್ಕೆ ಹಿಂದೆ ಹಿಂದೆಯೇ ಕಬ್ಬು ಒಟ್ಟುವುದೇ?

ಚಾಚಿಸಿದವರನ್ನು ಕೇಳಿದರೆ, ತಿರುವಿನಲ್ಲಿ ಟ್ರೇಲರಿನ ಮೂಲೆ ಟ್ರ್ಯಾಕ್ಟರಿನ ಟೈರಿಗೆ ತಾಗುತ್ತದೆ, ಅದಕ್ಕೇ ಕೊಕ್ಕೆ ಚಾಚಿಸಿದೆವು ಎನ್ನುತ್ತಾರೆ. ತಾಗುವುದು ನಿಜ. ಹಾಗಿದ್ದರೆ ಮೂಕಿಯನ್ನು ಉದ್ದ ಮಾಡಿಸಿ, ಪಿನ್ನು ಅಚ್ಚಿನ ಹತ್ತಿರ, ಅಚ್ಚಿಗಿಂತ ಕೆಳಗೇ ಇರಲಿ. ಪಂದ್ಯ ನಡೆಸುವ ಹಿರಿಯರು ಟೇಪು ಹಿಡಿದು ಅಚ್ಚಿನಿಂದ ಪಿನ್ನಿಗೆ ಅಳೆಯಲಿ. ಬೆಸುಗೆ ಹಾಕಿದ ಚಾಚು ಕಂಡರೆ, ಎಂಥ ನುರಿತ ಚಾಲಕನೇ ಆಗಿರಲಿ, ಗೆರೆಯೊಳಗೆ ಬಿಡಬಾರದು.